ಕೆಳಗಿನ ಬುಟ್ಟಿಯ ಸಿಂಪಿಗಳು

ನಮ್ಮ ಅತ್ತೆ ಸುಭದ್ರಾಬಾಯಿ ಇರುವೆಗೂ ದಾರಿ ಬಿಟ್ಟು ನಡೆಯುವವರು. ನನಗೆ ಮಾತ್ರ ಎಂದೂ ದಾರಿ ಬಿಟ್ಟವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಏನು ಓದಿದ್ದೇನೆ ಎಂದು ಕೇಳಿದರು. ಸಮುದ್ರದ ಜೀವಿಗಳ ಬಗ್ಗೆ ಎಂದೆ. "ನಿಮ್ಮ ಕೊಳಕೂರಾಗ ಸಮುದ್ರ ಯಾವಾಗ ಬಂದಿತ್ತಬೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ರೊಟ್ಟಿ ಬಡಿಯಲು ಕೂತರು. ಊರು ಆ ಮಾತನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿತು. ನನಗೂ ನಗು ಬಂತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು.

ಜೇವರ್ಗಿ ತಾಲೂಕಿನ ಕೊಳಕೂರಿನ ಹುಡುಗಿ ಕಾರವಾರಕ್ಕೆ ಹೋಗಿ ಸಮುದ್ರ ಓದಿದ್ದರಲ್ಲಿ ದೊಡ್ಡ ಕತೆಯೇನೂ ಇಲ್ಲ. ಸೀಟು ಸಿಕ್ಕಿತು, ಹೋದೆ. ಅಲ್ಲಿ ಬಂದರಿನ ಹತ್ತಿರ ನೀಲಿಕಲ್ಲು ಎಂಬ ಸಿಂಪಿಗಳನ್ನು ಬಲೆಯ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಡುತ್ತಿದ್ದೆವು. ಮೀನಾದರೆ ಹೊಲಸು ನೀರು ಬಂದಾಗ ಓಡಿಹೋಗುತ್ತದೆ. ಸಿಂಪಿ ಓಡುವುದಿಲ್ಲ. ಇದ್ದಲ್ಲೇ ಇದ್ದು ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುತ್ತದೆ. ನೀರಿನಲ್ಲಿರುವ ವಿಷ ಅದರ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಹಡಗಿನಿಂದ ಎಣ್ಣೆ ಚೆಲ್ಲಿದ ದಿನ ಎರಡೂ ಚಿಪ್ಪು ಗಟ್ಟಿಯಾಗಿ ಮುಚ್ಚಿಕೊಂಡು ಕೂತುಬಿಡುತ್ತದೆ. ಬಾಟಲಿಯಲ್ಲಿ ತುಂಬಿದ ನೀರು ಆ ಗಳಿಗೆಯ ಸಮಾಚಾರ ಹೇಳಿದರೆ, ಸಿಂಪಿ ಇಡೀ ಹಂಗಾಮಿನ ಸಮಾಚಾರ ಹೇಳುತ್ತದೆ. ಇಷ್ಟನ್ನು ನಾನು ಕಲಿತು ಬಂದೆ. ಆಮೇಲೆ ಅಫಜಲಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಮಕ್ಕಳಿಗೆ ಜಿರಲೆ ಕೊಯ್ಯುವುದನ್ನು ಕಲಿಸುತ್ತಾ ಎಲ್ಲವನ್ನೂ ಮರೆಯುವುದರಲ್ಲಿದ್ದೆ.

ಮರೆಯಲು ಕಾರ್ಖಾನೆ ಬಿಡಲಿಲ್ಲ. ನಮ್ಮೂರು ಕರಜಗಿಯಿಂದ ಮುಂದೆ, ಭೀಮಾ ದಂಡೆಯ ಮೇಲಿದೆ. ಊರಿನ ಮೇಲುಗಡೆ ಒಂದು ಹಳ್ಳ ಹೊಳೆಗೆ ಸೇರುತ್ತದೆ. ಆ ಹಳ್ಳದ ದಂಡೆಗೆ ಸಕ್ಕರೆ ಕಾರ್ಖಾನೆ. ಅದರ ಮಗ್ಗುಲಲ್ಲಿ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಘಟಕ. ಹಳ್ಳ ಕೂಡುವಲ್ಲಿಂದ ಸ್ವಲ್ಪ ಕೆಳಗೆ, ಹೊಳೆಯಿಂದ ನಮ್ಮ ಕುಡಿಯುವ ನೀರೆತ್ತುವ ಬಾವಿ, ಜಾಕ್‌ವೆಲ್. ಚಿಮಣಿಯಲ್ಲಿ ಹೊಗೆ ಎದ್ದರೆ ಸಾಕು, ನಲ್ಲಿಯ ನೀರಿಗೆ ಕೊಳೆತ ಬೆಲ್ಲದ ವಾಸನೆ. ನೀರು ಕುದಿಸಿದರೆ ವಾಸನೆ ಇನ್ನೂ ಜೋರು. ಮಕ್ಕಳ ಮೈಮೇಲೆ ದದ್ದು, ದನಗಳ ಬಾಯಲ್ಲಿ ಜೊಲ್ಲು. ಆದರೆ ನೀರಿನ ಮಾದರಿ ತೆಗೆಯುವ ದಿನ ಹಳ್ಳ ಮದುಮಗಳ ಹಾಗೆ ತಿಳಿಯಾಗಿ ಹರಿಯುತ್ತಿರುತ್ತದೆ. ಕಾರ್ಖಾನೆಯವರು ತಾವೇ ಗೊತ್ತುಮಾಡಿದ ಲ್ಯಾಬಿನಿಂದ ವರದಿ ತರಿಸಿ ಪಂಚಾಯಿತಿಯ ಗೋಡೆಗೆ ಅಂಟಿಸುತ್ತಾರೆ: ನೀರು ಉತ್ತಮ.

ಈ ವರ್ಷ ಸ್ಪಿರಿಟ್ ಘಟಕವನ್ನು ಇಮ್ಮಡಿ ಮಾಡುತ್ತೇವೆ ಎಂದು ಕಾರ್ಖಾನೆ ಅರ್ಜಿ ಹಾಕಿತು. ಅದಕ್ಕೆ ಊರಿನ ಅಹವಾಲು ಕೇಳಬೇಕೆಂಬುದು ಕಾಯದೆ. ಎಳ್ಳ ಅಮಾವಾಸ್ಯೆ ಕಳೆದ ವಾರಕ್ಕೆ ಸಭೆ ಎಂದು ಡಂಗುರ ಹೊಡೆಸಿದರು. ಅವತ್ತು ಪುರಾವೆ ಇಲ್ಲದೆ ಹೋದರೆ ಅನುಮತಿ ಸಿಕ್ಕಂತೆಯೇ. ಆಮೇಲೆ ಜಾಕ್‌ವೆಲ್ಲಿನ ನೀರನ್ನು ಎಮ್ಮೆಯೂ ಮೂಸುವುದಿಲ್ಲ.

ದೀಪಾವಳಿ ಆದ ಮೇಲೆ, ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲೇ, ನಾನು ಚಮನಸಾಬನನ್ನು ಹಿಡಿದೆ. ಅವನು ಹೊಳೆಯಲ್ಲಿ ಮೀನು ಹಿಡಿಯುವವನು. ಭೀಮೆಯಲ್ಲೂ ಸಿಂಪಿಗಳಿವೆ. ಸಮುದ್ರದವುಗಳಷ್ಟು ಚೆಂದ ಇಲ್ಲ, ಕೆಸರು ಬಣ್ಣ, ಆದರೆ ಕೆಲಸ ಅದೇ. ಹಳ್ಳ ಕೂಡುವಲ್ಲಿಂದ ಮೇಲೆ, ಹೊಳೆಯದೇ ಒಂದು ಮಡುವಿನಿಂದ ಅವನು ಸಿಂಪಿ ಆರಿಸಿ ತಂದ. ಅರ್ಧವನ್ನು ಒಂದು ತಂತಿಬುಟ್ಟಿಗೆ ತುಂಬಿ ಅದೇ ಮಡುವಿನಲ್ಲಿ ಕಟ್ಟಿದೆವು. ಉಳಿದರ್ಧವನ್ನು ಇನ್ನೊಂದು ಬುಟ್ಟಿಯಲ್ಲಿಟ್ಟು ಜಾಕ್‌ವೆಲ್ಲಿನ ಬುಡಕ್ಕೆ ಕಟ್ಟಿದೆವು. ಒಂದೇ ತಾಯ ಮಕ್ಕಳು, ಎರಡು ಮನೆ. ಹಂಗಾಮಿನ ನಡುವೆ ಎರಡನ್ನೂ ಎತ್ತಿ, ಒಡೆದು, ಮಾಂಸವನ್ನು ಕಾರವಾರದ ನನ್ನ ಗುರುಗಳಿಗೆ ಕಳಿಸಿದರೆ ಯಾವ ನೀರಿನಲ್ಲಿ ಏನಿದೆ ಎಂಬುದು ಬಯಲಾಗುತ್ತಿತ್ತು. ಮೇಲಿನಿಂದಲೇ ಹೊಲಸು ಬರುತ್ತದೆ, ಮಹಾರಾಷ್ಟ್ರದ್ದು, ನಮ್ಮದಲ್ಲ ಎಂದು ಕಾರ್ಖಾನೆಯವರು ಹಾಡುವ ಹಾಡಿಗೆ ಮೇಲಿನ ಬುಟ್ಟಿಯೇ ಜವಾಬು.

"ಮೇಡಂ, ಇದು ಹಲಾಲ್ ಕೆಲಸ ಖರೆ. ಆದ್ರ ನಿಮ್ ಅತ್ತಿಗಿ ಹೇಳೀರಿಲ್ಲೋ?" ಎಂದು ಚಮನಸಾಬ ಕೇಳಿದ್ದ. ಹೇಳಿದ್ದೆ. ಹೇಳಿದ್ದೇ ತಪ್ಪಾಯಿತೇನೋ.

"ಒಡೀತೀಯಾ? ಜೀವ ಇದ್ದದ್ದನ್ನ?" ಎಂದಿದ್ದರು ಅತ್ತೆ.

"ಪರೀಕ್ಷಾಕ್ಕ ರೀ ಅತ್ತಿ. ಬ್ಯಾರೆ ದಾರಿ ಇಲ್ಲ."

"ಕೊಲ್ಲಾವ್ರೆಲ್ಲ ಅದನ್ನ ಅಂತಾರ," ಎಂದವರೇ ವಿಭೂತಿಗಟ್ಟಿ ಹಿಡಿದು ದೇವರ ಕೋಣೆಗೆ ಹೋದರು. ಮೂರು ಹೊತ್ತು ಲಿಂಗಪೂಜೆ ಮಾಡುವ ಹೆಂಗಸು. ನಮ್ಮ ಮನೆಯಲ್ಲಿ ತಿಗಣೆಯನ್ನೂ ಹಿಡಿದು ಹೊರಗೆ ಬಿಡುವ ಪದ್ಧತಿ. ನಾನು ಬಾಯಿ ಮುಚ್ಚಿಕೊಂಡೆ, ಏಕೆಂದರೆ ನನಗೆ ಸಿಂಪಿ ಬೇಕಿತ್ತು, ವಾದ ಬೇಕಿರಲಿಲ್ಲ.

ನನ್ನ ಗಂಡ ಶಾಂತಕುಮಾರನ ಸಂಕಟ ಬೇರೆ. ನಮ್ಮದು ಕಬ್ಬಿನ ಹೊಲ. ಕಬ್ಬು ಕಡಿಯುವ ಟೋಳಿಯನ್ನು ಯಾರ ಹೊಲಕ್ಕೆ ಯಾವಾಗ ಕಳಿಸಬೇಕು ಎಂಬುದು ಕಾರ್ಖಾನೆಯ ಕೈಯಲ್ಲಿದೆ. ಅದನ್ನು ನೋಡಿಕೊಳ್ಳುವವ ಅನೀಲಕುಮಾರ ಎಂಬ ಮ್ಯಾನೇಜರ್, ಗಂಧದ ಎಣ್ಣೆ ಹಚ್ಚಿಕೊಂಡು ನಗುನಗುತ್ತಾ ಮಾತಾಡುವ ಮನುಷ್ಯ. ನನ್ನ ಬುಟ್ಟಿಗಳ ಸುದ್ದಿ ತಲುಪಿದ ದಿನದಿಂದ ನಮ್ಮ ಹೊಲದ ಪಾಳಿ ಹಿಂದಕ್ಕೆ ಹೋಗುತ್ತಲೇ ಇತ್ತು. ಅಕ್ಕಪಕ್ಕದ ಹೊಲಗಳು ಬೋಳಾಗಿ, ನಮ್ಮದೊಂದೇ ನಿಂತಿತ್ತು. ಕಬ್ಬು ಸೂಲಂಗಿ ಹೂ ಒಡೆದು, ತೂಕ ಇಳಿಯುತ್ತಾ ಒಣಗುತ್ತಿತ್ತು. ಶಾಂತಕುಮಾರ ನನಗೆ ಬಿಡು ಎನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಿದ್ದ.

ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸಬೇಕು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಪಲ್ಲೆ, ಎಲ್ಲವನ್ನೂ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಇರುವೆಗೂ ಹಕ್ಕಿಗೂ ಹುಳಕ್ಕೂ ಆ ದಿನ ನಮ್ಮ ಮನೆಯೂಟ. ನಾವೂ ಹೋದೆವು. ಒಣಗುತ್ತಿದ್ದ ಕಬ್ಬಿನ ನಡುವೆ ನಿಂತು ಶಾಂತಕುಮಾರ ಚರಗ ಚೆಲ್ಲಿದ. ಉಂಡಾದ ಮೇಲೆ ಅತ್ತೆ, "ಹೊಳಿ ದಂಡಿಗಿ ಹೋಗಿ ಗಂಗವ್ವಗ ಎರಡು ತುತ್ತು ಹಾಕಿ ಬರ್ತೇನಿ" ಎಂದು ಕೊಡ ಹಿಡಿದು ಹೋದರು. ಬಹಳ ಹೊತ್ತಿಗೆ ಬಂದರು. ಸೀರೆಯ ಅಂಚು ತೊಯ್ದಿತ್ತು. ಅದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಲೆಂದು ಚಮನಸಾಬನ ತೆಪ್ಪದಲ್ಲಿ ಹೋದೆ. ಜಾಕ್‌ವೆಲ್ಲಿನ ಬುಡದ ಬುಟ್ಟಿ ಹಗುರಾಗಿ ಮೇಲೆ ಬಂತು. ಒಳಗೆ ಒಂದೂ ಸಿಂಪಿ ಇರಲಿಲ್ಲ. ಬಾಗಿಲ ತಂತಿಯನ್ನು ಬಿಚ್ಚಿ ಮತ್ತೆ ನೀಟಾಗಿ ಕಟ್ಟಿದ್ದರು. ಕಾರ್ಖಾನೆಯವರ ಏಳು ತಲೆಮಾರನ್ನು ಬೈಯುತ್ತಾ ಮೇಲಿನ ಮಡುವಿಗೆ ಹೋದೆ. ಅಲ್ಲಿನ ಬುಟ್ಟಿ ಎತ್ತಲಾರದಷ್ಟು ಭಾರವಿತ್ತು. ಕೆಳಗಿನವೂ ಮೇಲಿನವೂ ಒಂದೇ ಬುಟ್ಟಿಯಲ್ಲಿ ಒಟ್ಟಾಗಿ ಕೂತಿದ್ದವು. ಅವುಗಳ ಮೇಲೆ ಸಜ್ಜೆಯ ಕಡುಬಿನ ಚೂರು ಅಂಟಿತ್ತು.

ಚಮನಸಾಬ ಕಡುಬಿನ ಚೂರನ್ನು ನೋಡಿದ, ನನ್ನನ್ನು ನೋಡಿದ. "ಕಾರ್ಖಾನಿ ಮಂದಿ ಕಡಬು ತರಂಗಿಲ್ರಿ ಮೇಡಂ," ಎಂದ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಕೇಳುವ ಮೊದಲೇ, ಮೊರ ಕೆಳಗಿಡದೆ, "ನಾನs ಇಟ್ಟೇನಿ" ಎಂದರು.

"ಯಾಕ್ರಿ?"

"ಹಬ್ಬದ ದಿನ ಇರಿವಿಗೂ ಉಣಿಸ್ತೀವಿ. ಅವು ಆ ಹೊಲಸಿನಾಗ ಬಾಯಿ ಬಿಗಿಹಿಡದು ಕುಂತಿದ್ದವು. ತುತ್ತು ಹಾಕಿದ್ರ ಒಂದರೇ ಬಾಯಿ ಬಿಡಲಿಲ್ಲ. ನನಗ ನೋಡಾಕ ಆಗಲಿಲ್ಲ. ಕೊಡದಾಗ ತುಂಬ್ಕೊಂಡು ಮ್ಯಾಲ ಒಯ್ದು ಅವುಗಳ ಬಳಗದಾಗ ಬಿಟ್ಟೆ."

"ಬಳಗ!" ನಾನು ಕೂಗಿದೆ. "ಅತ್ತಿ, ಈಗ ಯಾವುದು ಎಲ್ಲಿಂದು ಅಂತ ನಾ ಹ್ಯಾಂಗ ಹೇಳ್ಲಿ? ಊರಿಗಿ ಊರs ಕುಡಿಯೋ ನೀರು ಅದರ ಮ್ಯಾಲ ನಿಂತಿತ್ತು. ಅನೀಲಕುಮಾರಗ ಒಂದು ಕಲ್ಲೂ ಎತ್ತೋ ಕೆಲಸ ಉಳಿಸಲಿಲ್ಲ ನೀವು. ಅವನ ಕೆಲಸ ನೀವs ಮಾಡಿ ಬಂದ್ರಿ."

ಅತ್ತೆಯ ಕೈಯಲ್ಲಿ ಮೊರ ನಿಂತಿತು. ಜೀವ ಉಳಿಸಿದ ಸಮಾಧಾನ ಅವರ ಮುಖದಿಂದ ಇಳಿದುಹೋಗುವುದನ್ನು ನಾನು ನೋಡಿದೆ. ನೋಡಿ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನಗೆ ಖುಷಿಯೇ ಆಯಿತು.

ಸಂಜೆ ಶಾಂತಕುಮಾರ ಮೆಲ್ಲಗೆ ಒಂದು ಉಪಾಯ ಹೇಳಿದ. "ಅರ್ಧ ತೆಗದು ಇವು ಕೆಳಗಿನವು ಅನ್ನು. ಯಾರಿಗಿ ಗೊತ್ತಾಗ್ತದ? ಕಾರ್ಖಾನಿಯವ್ರು ಸುಳ್ಳು ವರದಿ ಅಂಟಿಸಂಗಿಲ್ಲೇನು?"

ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಒಂದು ಸಿಂಪಿ ತಪ್ಪು ಬುಟ್ಟಿಗೆ ಬಿದ್ದರೆ ಇಡೀ ಕೆಲಸ ಕಸದಬುಟ್ಟಿಗೆ ಎಂದು ಬಂದರಿನ ದಕ್ಕೆಯ ಮೇಲೆ ನಿಲ್ಲಿಸಿ ನನಗೆ ಕಲಿಸಿದ್ದರು. ಹೊಳೆಗೆ ಹಾಕಿದರೂ ಅಳೆದು ಹಾಕಬೇಕು ಎನ್ನುತ್ತಾರಲ್ಲ, ಅದು. "ಅವರು ಸುಳ್ಳು ಹೇಳ್ತಾರಂತs ಅಲ್ಲ ನಾವು ಜಗಳಾಡಾಕತ್ತಿದ್ದು?" ಎಂದೆ. ಬಾಗಿಲ ಹತ್ತಿರ ನಿಂತು ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

ಸಭೆ ಶಾಲೆಯ ಬಯಲಿನಲ್ಲಿ. ಶಾಮಿಯಾನ, ಮೈಕು, ಮುಂದಿನ ಸಾಲಿಗೆ ಕಾರ್ಖಾನೆಯ ಖರ್ಚಿನಲ್ಲಿ ಬಿಸ್ಕೀಟು, ಚಹಾ. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಕನ್ನಡಕದ, ದಣಿದ ಮುಖದ ಮನುಷ್ಯ. ಕೆಟ್ಟವನಂತೆ ಕಾಣಲಿಲ್ಲ, ಗಟ್ಟಿಗನಂತೆಯೂ ಕಾಣಲಿಲ್ಲ. ಅನೀಲಕುಮಾರ ಮೈಕು ಹಿಡಿದು ಉದ್ಯೋಗ, ರಸ್ತೆ, ಶಾಲೆಗೆ ಬೆಂಚು ಎಂದೆಲ್ಲ ಹೇಳಿದ. ನೀರಿನ ವರದಿಯನ್ನು ಎತ್ತಿ ತೋರಿಸಿದ. ಜನ ತಲೆ ಕೆಳಗೆ ಹಾಕಿ ಕೂತಿದ್ದರು. ಇಂದಲ್ಲ ನಾಳೆ ಎಲ್ಲರ ಕಬ್ಬಿಗೂ ಅವನ ಟೋಳಿಯೇ ಬೇಕಿತ್ತು.

ನನ್ನ ಸರದಿ ಬಂತು. ಎರಡು ಬುಟ್ಟಿ ಕಟ್ಟಿದ್ದು, ಯಾಕೆ ಕಟ್ಟಿದ್ದು ಎಲ್ಲ ಹೇಳಿದೆ. ಆಮೇಲೆ ಹೇಳಲೇಬೇಕಾದ್ದನ್ನೂ ಹೇಳಿದೆ: ಎರಡೂ ಬುಟ್ಟಿಯವು ಕಲೆತುಹೋಗಿವೆ, ಈಗ ಅವುಗಳಿಂದ ನಾನು ಏನನ್ನೂ ಸಾಬೀತು ಮಾಡಲಾರೆ. ಹೊಸದಾಗಿ ಕಟ್ಟುತ್ತೇವೆ, ಅಲ್ಲಿಯವರೆಗೆ ಅನುಮತಿ ತಡೆಯಿರಿ.

ಅನೀಲಕುಮಾರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. "ಕಲೆತಾವೋ, ಕಲಸ್ಯಾರೋ? ಮೇಡಂ ಕಾಲೇಜಿನಾಗ ಪಾಠ ಮಾಡೋದು ಬಿಟ್ಟು ಹೊಳ್ಯಾಗ ಸಿಂಪಿ ಆಡಸಾಕತ್ಯಾರ. ಸಾಹೇಬ್ರ, ಪುರಾವೆ ಇಲ್ಲ ಅಂತ ಅವರs ಒಪ್ಪಿಕೊಂಡಾರ. ಬರ್ಕೊಳ್ರಿ."

ಮುಂದಿನ ಸಾಲು ನಕ್ಕಿತು. ಅಧಿಕಾರಿ ಪೆನ್ನು ತೆಗೆದ. ಅಳು ಬಂದರೆ ಇಲ್ಲೇ ಸಾಯುತ್ತೇನೆ ಎಂದುಕೊಂಡು ಹಲ್ಲು ಕಚ್ಚಿ ನಿಂತೆ.

"ನಾ ಕಲಸೀನಿ."

ಬಯಲಿನ ಗೇಟಿನಲ್ಲಿ ಅತ್ತೆ. ತಲೆಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ, ಸೊಂಟದ ಮೇಲೆ ತಾಮ್ರದ ಕೊಡ. ಹಿಂದೆ ಓಣಿಯ ಹೆಂಗಸರು, ಮುಂದಿನವರ ಕೈಯಲ್ಲಿ ಎರಡು ಸ್ಟೀಲ್ ಬೋಗುಣಿ, ಇನ್ನೊಂದು ಕೊಡ. ಕೊನೆಯಲ್ಲಿ ಚಮನಸಾಬ, ಒದ್ದೆ ಚೀಲ ಹಿಡಿದುಕೊಂಡು. ಅವನ ಮುಖ ನೋಡಿದರೆ ಇವರು ಬೆಳಗಿನಿಂದ ಅವನನ್ನು ಎಷ್ಟು ಕುಣಿಸಿದ್ದಾರೆಂದು ತಿಳಿಯುತ್ತಿತ್ತು.

"ಯವ್ವಾ," ಎಂದು ಶಾಂತಕುಮಾರ ಎದ್ದು ನಿಂತ. ಅತ್ತೆ ಅವನತ್ತ ನೋಡಲಿಲ್ಲ. ನೇರವಾಗಿ ಅಧಿಕಾರಿಯ ಮೇಜಿನ ಹತ್ತಿರ ಬಂದು ಅವನ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಬೋಗುಣಿಗಳನ್ನು ಮೇಜಿನ ಮೇಲೆ ಇಡಿಸಿದರು.

"ನನ್ನ ಸೊಸಿ ಸುಳ್ಳು ಹೇಳಂಗಿಲ್ರಿ ಸಾಹೇಬ್ರ. ಕಲಸಿದಾಕಿ ನಾನು. ಲಿಂಗ ಕಟ್ಟಿದಾಕಿ, ಆ ಮಾಂಸದ ಜೀವಾನ ಈ ಕೈಯಿಂದ ಮುಟ್ಟಿ ಎತ್ತಿ ಒಯ್ದೇನಿ. ಯಾರರೆ ಏನರೆ ಅನ್ನಾವ್ರಿದ್ರ ಈಗs ಅಂದುಬಿಡ್ರಿ." ಅವರು ನಿಂತು ನೋಡಿದರು. ಮಠದ ಕಡೆಯ ಹಿರಿಯರೂ ಅಲ್ಲಿದ್ದರು. ಅವರು ಚಹಾದ ಕಪ್ಪಿಗೆ ಕಣ್ಣು ಇಳಿಸಿದರು. "ಯಾಕ ಒಯ್ದೆ ಅಂತ ಕೇಳ್ರಿ. ಜಾಕ್‌ವೆಲ್ಲಿನ ಹಂತ್ಯಾಕ ಅವು ಬಾಯಿ ಬಿಡಾಕ ಒಲ್ಲವು. ಮ್ಯಾಲಿನ ನೀರಾಗ ಬಿಟ್ಟೆ, ನಾ ಕುಂತು ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ಬಾಯಿ ಬಿಟ್ಟವು. ಇದು ಜಾಕ್‌ವೆಲ್ಲಿನ ನೀರು. ಇದು ಮ್ಯಾಲಿನದು. ಇವತ್ತಿಂದs. ಈಗ ನೀವs ನೋಡ್ರಿ."

ಕೊಡದ ನೀರನ್ನು ಬೋಗುಣಿಗಳಿಗೆ ಸುರಿದರು. ಒಂದರಲ್ಲಿ ಚಹಾದ ಬಣ್ಣ, ಅದೇ ಕೊಳೆತ ಬೆಲ್ಲದ ವಾಸನೆ. ಅಧಿಕಾರಿ ಮೂಗಿಗೆ ಕೈ ತಂದು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ನೆನಪಾಗಿ ಇಳಿಸಿದ. ಚಮನಸಾಬ ಚೀಲ ಬಿಚ್ಚಿ, "ಕಲೆತವಲ್ರಿ, ಮಡುವಿನಾಗ ಇವತ್ತs ಹೊಸದಾಗಿ ಆರಿಸಿದವು" ಎಂದು ಎರಡರಲ್ಲೂ ಸಿಂಪಿಗಳನ್ನು ಹಾಕಿದ. ಎಲ್ಲವೂ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಚೀಲದಲ್ಲಿ ಕುಲುಕಿ ತಂದರೆ ಯಾವ ಸಿಂಪಿಯಾದರೂ ಮುಚ್ಚಿಕೊಳ್ಳುತ್ತದೆ. ತೆರೆಯಲು ಸಮಯ ಬೇಕು.

"ಇದು ನಾಟಕ ಕಂಪನಿ ಅಲ್ಲ," ಎಂದ ಅನೀಲಕುಮಾರ. "ಸಾಹೇಬ್ರ, ಸಭಾ ಮುಗಸ್ರಿ."

ಅಧಿಕಾರಿ ಗಡಿಯಾರ ನೋಡಿದ. ಅಷ್ಟರಲ್ಲಿ ಹೆಂಗಸರು ಗೇಟಿಗೆ ಅಡ್ಡ ಕೂತುಬಿಟ್ಟಿದ್ದರು. ಘೋಷಣೆಯಿಲ್ಲ, ಗದ್ದಲವಿಲ್ಲ. ಒಬ್ಬಳು ಸೊಪ್ಪು ಸೋಸತೊಡಗಿದಳು. ಹಾಗೆ ಕೂತವರನ್ನು ದಾಟಿ ಹೋಗುವ ಎದೆ ಯಾರಿಗೂ ಇರಲಿಲ್ಲ.

"ಸಾಹೇಬ್ರ, ಇದೊಂದರ ಮ್ಯಾಲ ತೀರ್ಪು ಮಾಡಬ್ಯಾಡ್ರಿ," ಎಂದೆ ನಾನು. ಹೇಳಲೇಬೇಕಿತ್ತು. "ಹೆದರಿದ್ರೂ ಮುಚ್ಚಿಕೊಳ್ತಾವು. ಆದ್ರ ನೋಡದೆ ಎದ್ದು ಹೋಗಬ್ಯಾಡ್ರಿ."

ಅತ್ತೆ ನನ್ನತ್ತ ಒಂದು ನೋಟ ಎಸೆದರು. ಇವಳು ಗೆಲ್ಲುವಾಗಲೂ ಕಲ್ಲು ಹಾಕುವವಳೇ ಎಂಬಂತಿತ್ತು ಆ ನೋಟ.

ಎಲ್ಲರೂ ಕಾದೆವು. ಇಡೀ ಬಯಲು ಎರಡು ಬೋಗುಣಿಗಳನ್ನು ನೋಡುತ್ತಾ ಕೂತಿತು. ಹಿಂದಿದ್ದವರು ಒಬ್ಬೊಬ್ಬರಾಗಿ ಮುಂದೆ ಬಂದರು. ಶಾಮಿಯಾನದ ನೆರಳು ಮೇಜಿನಿಂದ ಸರಿಯಿತು. ಯಾರೋ ಕೆಮ್ಮಿದರೆ ಎಲ್ಲರೂ ಅವನನ್ನು ಗದರುವಂತೆ ನೋಡಿದರು. ಆಮೇಲೆ ತಿಳಿನೀರಿನ ಬೋಗುಣಿಯಲ್ಲಿ ಒಂದು ಸಿಂಪಿ ಕೂದಲೆಳೆಯಷ್ಟು ಬಿರಿಯಿತು. ಬಿರಿದ ಸಂದಿಯಿಂದ ಬೆಳ್ಳಗಿನ, ಮೆತ್ತಗಿನ ನಾಲಿಗೆಯಂಥದ್ದು ಹೊರಗೆ ಚಾಚಿತು. ಪಕ್ಕದ್ದೂ ಬಿರಿಯಿತು. ಅದರ ಪಕ್ಕದ್ದೂ. ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಂದು ಬೋಗುಣಿಗೆ ಬಗ್ಗಿದ. ಅಲ್ಲಿ ಒಂದೂ ಅಲ್ಲಾಡಿರಲಿಲ್ಲ. ಕಲ್ಲು ಹಾಕಿಟ್ಟ ಹಾಗಿತ್ತು.

"ಇನ್ನs ಜರಾ ಕುಂಡ್ರಮು," ಎಂದರು ಅತ್ತೆ. ಕೂತೆವು. ತಿಳಿನೀರಿನವೆಲ್ಲ ತೆರೆದವು. ಕರಿನೀರಿನವು ಒಂದೂ ತೆರೆಯಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಜನ ಈಗ ತಲೆಯೆತ್ತಿ ಅನೀಲಕುಮಾರನನ್ನು ನೋಡುತ್ತಿದ್ದರು.

ಅಧಿಕಾರಿ ಬಹಳ ಹೊತ್ತು ಬರೆದ. ಬರೆದದ್ದನ್ನು ಮೈಕಿನಲ್ಲಿ ಓದಿದ: ಅನುಮತಿಯ ವಿಷಯ ಮುಂದಕ್ಕೆ; ಸರಕಾರದ ಮೊಹರು ಹಾಕಿದ ಹೊಸ ಬುಟ್ಟಿಗಳನ್ನು ಎರಡೂ ಕಡೆ ಊರವರ ಎದುರಿಗೆ ಕಟ್ಟುವುದು; ಸದ್ಯಕ್ಕೆ ಈ ಎರಡೂ ಬೋಗುಣಿಯ ನೀರನ್ನೂ ಸಿಂಪಿಗಳನ್ನೂ ಪರೀಕ್ಷೆಗೆ ಒಯ್ಯುವುದು. ಆಮೇಲೆ ಮೈಕು ಬದಿಗಿಟ್ಟು ಅತ್ತೆಗೆ ತಗ್ಗಿದ ದನಿಯಲ್ಲಿ ಹೇಳಿದ. "ಅಮ್ಮಾ, ಪರೀಕ್ಷೆ ಅಂದ್ರೆ ಇವನ್ನ ಒಡೀಬೇಕಾಗ್ತದೆ."

ಅತ್ತೆ ನನ್ನ ಕಡೆ ತಿರುಗಿದರು. "ಬ್ಯಾರೆ ದಾರಿ ಇಲ್ಲೇನಬೇ?"

"ಇಲ್ರಿ ಅತ್ತಿ."

"ಮುಚ್ಚಿದವು ಸಾಲಂಗಿಲ್ಲೇನು?"

"ಎರಡೂ ಬೇಕು."

ಅವರು ಸೆರಗು ಸಿಕ್ಕಿಸಿಕೊಂಡು ಮೊದಲು ಕರಿನೀರಿಗೆ ಕೈ ಹಾಕಿದರು. ಆ ಸಿಂಪಿಗಳನ್ನು ಅದೇ ನೀರಿನ ಸಮೇತ ನೀರಿನ ಮಾದರಿಗೆಂದು ಅಧಿಕಾರಿ ತಂದಿದ್ದ ಒಂದು ಡಬ್ಬಿಗೆ ಹಾಕಿದರು. ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಆಮೇಲೆ ತಿಳಿನೀರಿಗೆ ಕೈ ಇಳಿಸಿದರು. ನಿಶ್ಚಿಂತೆಯಾಗಿ ಬಾಯಿ ಬಿಟ್ಟುಕೊಂಡಿದ್ದ ಸಿಂಪಿ ಅವರ ಬೆರಳು ತಾಗಿದ್ದೇ ತಟ್ಟನೆ ಮುಚ್ಚಿಕೊಂಡಿತು. ಅವರ ಕೈ ನೀರಿನಲ್ಲೇ ನಿಂತಿತು. ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಲಿಲ್ಲ. ನಾನು ಮುಂದೆ ಬಂದು, "ಬಿಡ್ರಿ ಅತ್ತಿ, ನಾ ಹಾಕ್ತೇನಿ" ಎಂದೆ.

"ಸರಿ ಆಕಡಿ. ಉಳಸಾಕ ಹೋದ ಕೈ ಇದು. ಕೊಡೂದೂ ಇದs ಕೊಡ್ಲಿ." ಒಂದೊಂದನ್ನೇ ಎತ್ತಿ ಇನ್ನೊಂದು ಡಬ್ಬಿಗೆ ಹಾಕಿದರು. ತಿಳಿನೀರು ತುಂಬಿ ಮುಚ್ಚಳ ಹಾಕಿದರು. ಅಧಿಕಾರಿ ಕೈ ಚಾಚಿದ. ಅವರು ಕೊಡಲಿಲ್ಲ.

"ಇವು ತಮ್ಮ ಜೀವಾನ ನನ್ನ ಕೈಯಾಗ ಕೊಟ್ಟಾವ್ರಿ ಸಾಹೇಬ್ರ, ಊರಿನ ಸಲುವಾಗಿ. ಹಾದ್ಯಾಗ ಇವು ಬದಲಾದ್ರ, ನೀರು ಬದಲಾದ್ರ, ನಾ ಕೊಲೆಗಾರ್ತಿ ಆದಂಗ. ಹಂಗಾಗಂಗಿಲ್ಲ. ನಾನೂ ಬರ್ತೇನಿ."

"ಅಮ್ಮಾ, ನಿಯಮದಲ್ಲಿ ಅವಕಾಶ ಇಲ್ಲ..."

ಅವರು ಆಗಲೇ ನಡೆದಿದ್ದರು. ಹೆಂಗಸರು ಎದ್ದು ದಾರಿ ಬಿಟ್ಟರು. ಎರಡೂ ಡಬ್ಬಿ ತಬ್ಬಿಕೊಂಡು ಅಧಿಕಾರಿಯ ಜೀಪಿನ ಮುಂದಿನ ಸೀಟು ಹತ್ತಿ ಕೂತರು. ಇಳಿಸ್ರಿ ನೋಡೋಣು ಎಂದು ಬಾಯಿಂದ ಹೇಳಲಿಲ್ಲ. ಕೂತ ರೀತಿಯೇ ಹೇಳುತ್ತಿತ್ತು. ಅಧಿಕಾರಿ ಒಮ್ಮೆ ನನ್ನನ್ನು ನೋಡಿದ. ನಾನು ಹಿಂದಿನ ಸೀಟಿಗೆ ಹತ್ತಿ ಕೂತೆ. ಅವನಿಗೆ ನನ್ನ ಪಕ್ಕದಲ್ಲಿ ಕೂರುವುದೊಂದೇ ದಾರಿ ಉಳಿಯಿತು.

ಅನೀಲಕುಮಾರ ಜೀಪಿನವರೆಗೂ ಬಂದ. ನಗು ಇನ್ನೂ ಇತ್ತು, ಸ್ವಲ್ಪ ಸೊಟ್ಟಗಾಗಿತ್ತು. ಶಾಂತಕುಮಾರನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ. "ಶಾಂತಣ್ಣ, ವಯಸ್ಸಾದವ್ರು. ಮನಿಗಿ ಕರ್ಕೊಂಡು ಹೋಗು. ನಾಳಿ ನಿಮ್ಮ ಹೊಲಕ್ಕ ಟೋಳಿ ಬರ್ತದ. ನಾ ಮಾತು ಕೊಟ್ಟೇನಿ."

ಆ ಕಬ್ಬಿಗೆ ನನ್ನ ಗಂಡ ಹಗಲಿರುಳು ನೀರು ಹಾಯಿಸಿದ್ದು ನನಗೆ ಗೊತ್ತು. ಶಾಂತಕುಮಾರ ಹೆಗಲ ಮೇಲಿನ ಕೈಯನ್ನು ನೋಡಿದ. ಮೆಲ್ಲಗೆ ಎತ್ತಿ ಅದರ ಒಡೆಯನಿಗೇ ವಾಪಸು ಕೊಟ್ಟ.

"ಟೋಳಿ ಇಟ್ಕೊಳ್ರಿ. ನನ್ನ ಕಬ್ಬು ನಾ ಕಡೀತೇನಿ."

"ಒಬ್ಬವ ಎಷ್ಟು ಕಡೀತಿ?"

"ನಾನೂ ಬರ್ತೇನ್ರಿ," ಎಂದ ಚಮನಸಾಬ, ಖಾಲಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ. ಸೊಪ್ಪು ಸೋಸುತ್ತಿದ್ದ ಹೆಂಗಸು, "ನಮ್ಮನಿ ಕುಡಗೋಲು ಬಿ ಅದಾವು" ಎಂದಳು. ಅವಳ ಗಂಡ ಅವಳತ್ತ ಗಾಬರಿಯಿಂದ ನೋಡಿದ, ಆಮೇಲೆ ತಾನೂ ತಲೆಯಾಡಿಸಿದ.

ಶಾಂತಕುಮಾರ ಜೀಪಿನ ಹತ್ತಿರ ಬಂದು ಅತ್ತೆಯ ಕಾಲ ಬಳಿ ಅವರ ಚಪ್ಪಲಿ ಇಟ್ಟ. ಬಯಲಿನಲ್ಲೇ ಬಿಟ್ಟು ಬಂದಿದ್ದರು. ನನ್ನನ್ನು ನೋಡಿದ, ಈ ಸಲ ಕಣ್ಣಲ್ಲಿ ಕಣ್ಣಿಟ್ಟು.

ಡ್ರೈವರ್ ಚಾವಿ ತಿರುಗಿಸಿದ. ಜೀಪು ಕಲಬುರಗಿ ದಾರಿಗೆ ಹೊರಳಿತು. ಮೊದಲನೆಯ ತಗ್ಗಿನಲ್ಲಿ ಅದು ಎಗರಿದಾಗ ಅತ್ತೆ ಎರಡೂ ಡಬ್ಬಿಗಳನ್ನು ಎದೆಗೆ ಒತ್ತಿಕೊಂಡರು.

"ಸಾವಕಾಶ ಹೊಡಿಯಪ್ಪ," ಎಂದರು ಡ್ರೈವರನಿಗೆ. "ಇನ್ನಾ ಜೀವ ಅದಾವು."